ರಿಂಕ್ ಪಕ್ಕದ ಹೈಡ್ರೆಂಟ್: ಹೋಸ್ ಬಿಚ್ಚದವರು ಯಾರು?

ಮನೆ 12: ರಾತ್ರಿ ಒಂದೂವರೆಗೆ, ಮೈನಸ್ 26 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿ, ಈ ವರ್ಷವೂ ಸ್ಕೇಟಿಂಗ್ ರಿಂಕಿಗೆ ನೀರು ಬಿಡುವ ಆ ಹೈಡ್ರೆಂಟ್ (ಎತ್ತಿ ಇಳಿಸುವ ಹಿಡಿಕೆಯ ಅಂಗಳದ ನಲ್ಲಿ) ಮುಂದೆ ನಾನೊಬ್ಬನೇ ನಿಂತಿದ್ದೆ. ಸೀಳಿದ ಪೈಪಿನಿಂದ ನೀರು ಹರಿದು ನನ್ನ ಡ್ರೈವ್‌ವೇ ಪೂರ್ತಿ ಮಂಜುಗಡ್ಡೆಯಾಗಿದೆ. ಮೂರು ಕೆಟಲ್ ಬಿಸಿನೀರು ಸುರಿದ ಮೇಲಷ್ಟೇ ಹಿಡಿಕೆ ಅಲುಗಿತು. ಹೋಸ್ ಅದರ ಬಾಯಿಗೆ ಕಚ್ಚಿಕೊಂಡೇ ಕಬ್ಬಿನ ಜಲ್ಲೆಯಂತೆ ಸೆಟೆದಿದೆ. ಯಾರ ಕೆಲಸವಿದು?

ಮನೆ 7: ರಾಯರೇ, ಬೈಯುವ ಮೊದಲು ಅದರ ರಚನೆಯನ್ನು ತಿಳಿಯಿರಿ. ಚಳಿಗೆ ನೆಲವೂ ಹೆಪ್ಪುಗಟ್ಟುವುದರಿಂದ ಮಿನಿಯಾಪೊಲಿಸ್ ಸುತ್ತ ಕಟ್ಟಡದ ಪಾಯವನ್ನೇ 42 ಇಂಚು ಆಳಕ್ಕೆ ಇಳಿಸಬೇಕೆಂಬ ನಿಯಮವಿದೆ. ಹೈಡ್ರೆಂಟಿನ ವಾಲ್ವ್ ಅದಕ್ಕೂ ಕೆಳಗಿದೆ. ಹಿಡಿಕೆಯನ್ನು ಪೂರ್ತಿ ಇಳಿಸಿದರೆ ಪೈಪಿನಲ್ಲಿ ಉಳಿದ ನೀರು ಬುಡದ ತೂತಿನಿಂದ ಜಲ್ಲಿಕಲ್ಲಿನೊಳಗೆ ಬಸಿದುಹೋಗುತ್ತದೆ. ಹೋಸ್ ಬಿಚ್ಚದಿದ್ದರೆ ಮೇಲಿನಿಂದ ಗಾಳಿ ಸೇರದೆ ನೀರು ಅಲ್ಲೇ ನಿಂತು, ಹೆಪ್ಪುಗಟ್ಟಿ, ಪೈಪನ್ನು ಸೀಳುತ್ತದೆ. ಇದನ್ನು ಅಕ್ಟೋಬರ್ ಸಭೆಯಲ್ಲೇ ಹೇಳಿದ್ದೆ. ಆಗ ನೀವೆಲ್ಲ ದೀಪಾವಳಿ ಊಟದ ಪಟ್ಟಿಯಲ್ಲಿ ಮುಳುಗಿದ್ದಿರಿ.

ಮನೆ 3: ರಿಂಕಿಗೆ ನೀರು ಬಿಟ್ಟವನು ನಾನೇ, ಒಪ್ಪುತ್ತೇನೆ. ನನ್ನ ಸರದಿ ಹತ್ತಕ್ಕೆ ಮುಗಿಯಿತು. ಹೋಸನ್ನು ಗ್ಯಾರೇಜಿಗೆ ಒಯ್ಯಬೇಕಾದವರು ಮನೆ 9ರವರು.

ಮನೆ 9: ನಾನು ಬರುವಷ್ಟರಲ್ಲಿ ಹಿತ್ತಾಳೆಯ ಜೋಡಣೆ ಬಿಗಿದುಕೊಂಡಿತ್ತು, ಹಿಡಿಕೆ ಅರ್ಧದಲ್ಲೇ ನಿಂತಿತ್ತು. ಹೋದ ವಾರ ಹೋಸ್ ಬಿಟ್ಟುಹೋದವರನ್ನು ಯಾರೂ ಕೇಳಲಿಲ್ಲವಲ್ಲ?

ಮನೆ 7: ಕೇಳಿದ್ದೆ. ಉತ್ತರ ಬರಲಿಲ್ಲ.

ಮನೆ 15: ಊರಿನಲ್ಲಿ ನಲ್ಲಿಯ ಮುಂದೆ ಕೊಡ ಹಿಡಿದು ಜಗಳವಾಡುತ್ತಿದ್ದೆವು, ಇಲ್ಲಿ ಕೆಟಲ್ ಹಿಡಿದಿದ್ದೇವೆ. ಅಂದಹಾಗೆ ಇದೊಂದು ಫಾರ್ವರ್ಡ್ ಬಂದಿದೆ: ನಲ್ಲಿಯ ಬುಡಕ್ಕೆ ಹಿಡಿ ಉಪ್ಪು ಹಾಕಿದರೆ ಚಳಿಗಾಲವಿಡೀ ನೀರು ಹೆಪ್ಪುಗಟ್ಟುವುದಿಲ್ಲವಂತೆ.

ಮನೆ 7: ಮೈನಸ್ 21ಕ್ಕಿಂತ ಕೆಳಗೆ ಆ ಉಪ್ಪು ಮಂಜುಗಡ್ಡೆಯನ್ನು ಕರಗಿಸುವುದೇ ಇಲ್ಲ. ದಯವಿಟ್ಟು ಇಂಥದ್ದನ್ನು ಇಲ್ಲಿ ಹಾಕಬೇಡಿ.

ಮನೆ 4: ಹಿಡಿಕೆಗೆ ಬೀಗ ಹಾಕಿ, ನೀರು ಬಿಡುವವರೇ ಹೋಸ್ ಬಿಚ್ಚಿ ಬೀಗದ ಕೈಯನ್ನು ಹಿಂದಿರುಗಿಸಲಿ ಎಂದು ನನ್ನ ಸಲಹೆ. ಸೀಳಿದ ಪೈಪಿಗೆ ಪ್ಲಂಬರನ್ನು ಕರೆಸೋಣ.

ಮನೆ 9: ಬೀಗದ ಕೈ ಯಾರ ಬಳಿ ಇರಬೇಕು?

ಮನೆ 7: ನನ್ನ ಬಳಿ ಇರಲಿ.

ಮನೆ 3: ಅದಕ್ಕೆ ನನ್ನ ಒಪ್ಪಿಗೆಯಿಲ್ಲ.

ಮನೆ 4: ಅದು ಹಾಗಿರಲಿ. ಮೂಲೆಯಲ್ಲಿರುವ ಅಗ್ನಿಶಾಮಕ ದಳದ ಹೈಡ್ರೆಂಟನ್ನು ಯಾರಾದರೂ ನೋಡಿದ್ದೀರಾ? ಹಿಮ ತೆಗೆಯುವ ಗಾಡಿ ಅದನ್ನು ಪೂರ್ತಿ ಮುಚ್ಚಿಬಿಟ್ಟಿದೆ, ಕೆಂಪು ಬಾವುಟದ ತುದಿಯಷ್ಟೇ ಕಾಣುತ್ತಿದೆ.

ಮನೆ 15: ಇದು ತಮಾಷೆಯ ಮಾತಲ್ಲ. ಸುತ್ತ ಮೂರಡಿ ಜಾಗವನ್ನು ಶನಿವಾರ ಹತ್ತಕ್ಕೆ ತೆರವುಗೊಳಿಸೋಣ.

ಮನೆ 12: ನನ್ನ ಡ್ರೈವ್‌ವೇ ಗತಿಯೇನು?

ಮನೆ 3: ಶನಿವಾರ ನನಗಾಗುವುದಿಲ್ಲ, ಭಾನುವಾರವಾದರೆ ಎರಡು ಸಲಿಕೆ ತರುತ್ತೇನೆ.