ಮೆನ್-1: ಬೆನ್ನಿನ ಡೆಕ್ಸಾ (ಎಲುಬಿನ ಸಾಂದ್ರತೆ ಅಳೆಯೋ ಸ್ಕ್ಯಾನ್) ಚಲೋ ಬಂದದ, ನಂಬಬಹುದಾ?

ಯಾದಗಿರಿ_ಲ್ಯಾಬ್:
34ರ ಗಂಡಸು, ಶಹಾಪುರ ಕಡೆಯವರು. ಜೀನ್ ಟೆಸ್ಟ್‌ನಲ್ಲಿ ಮೆನ್-1 (ಹಲವು ಹಾರ್ಮೋನ್ ಗ್ರಂಥಿಗಳಲ್ಲಿ ಗಡ್ಡೆ ಬೆಳೆಸುವ ವಂಶವಾಹಿ ಕಾಯಿಲೆ) ಖಚಿತ. ಕ್ಯಾಲ್ಸಿಯಂ 11.2, ಆಲ್ಬುಮಿನ್ 3.5, ಪಿಟಿಎಚ್ (ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿಗಳ ಹಾರ್ಮೋನ್, ರಕ್ತದ ಕ್ಯಾಲ್ಸಿಯಂ ಏರಿಸುತ್ತದೆ) 118, ವಿಟಮಿನ್ ಡಿ 9, ಆಲ್ಕಲೈನ್ ಫಾಸ್ಫಟೇಸ್ (ಎಲುಬಿನ ಚಟುವಟಿಕೆ ಹೆಚ್ಚಾದರೆ ಏರುವ ಕಿಣ್ವ) 260. ಡೆಕ್ಸಾ ಝಡ್-ಸ್ಕೋರ್ (ಅದೇ ವಯಸ್ಸಿನವರ ಸರಾಸರಿಗೆ ಹೋಲಿಕೆ) ಬೆನ್ನು +0.6, ಸೊಂಟ -1.3. ಪ್ಯಾರಾಥೈರಾಯ್ಡ್ ಆಪರೇಷನ್ ಮಾತು ಎತ್ತಿದರೆ ಮನೆಯವರು "ಎಲುಬು ಗಟ್ಟಿ ಅದಾವಲ್ಲ, ಆಪರೇಷನ್ ಯಾಕ್ರಿ" ಅಂತಾರೆ. ಕ್ಯಾಲ್ಸಿಯಂ ಏರಿರುವಾಗ ವಿಟಮಿನ್ ಡಿ ಕೊಡಬಹುದಾ?

ಎಲುಬು_ಕೀಲು:
ಮೊದಲು ಲೆಕ್ಕ ಸರಿ ಮಾಡ್ಕೊಳ್ರಿ. ಆಲ್ಬುಮಿನ್ 4ಕ್ಕಿಂತ ಅರ್ಧ ಗ್ರಾಂ ಕಮ್ಮಿ ಅದ, ಅದಕ್ಕ 0.4 ಕೂಡಿಸ್ರಿ. ಕ್ಯಾಲ್ಸಿಯಂ 11.6 ಆಯ್ತು. ವಯಸ್ಸೂ 50ರ ಒಳಗ. ಎರಡೂ ಆಪರೇಷನ್ ಕಡೆಗೇ ತೂಗ್ತಾವ.

ಬೆನ್ನಿನ ಅಂಕಿ ನಂಬಬ್ಯಾಡ್ರಿ. ಪಿಟಿಎಚ್ ಮೊದಲು ಸವೆಸೋದು ಎಲುಬಿನ ಹೊರಗಿನ ಗಟ್ಟಿ ಪದರು. ಬೆನ್ನುಮಣಿಯೊಳಗ ಜಾಲರಿ ಭಾಗನೇ ಜಾಸ್ತಿ. ಎಡಗೈ ರೂಢಿ ಇಲ್ಲದಿದ್ರ ಎಡ ಮುಂಗೈ ರೇಡಿಯಸ್‌ನ (ಹೆಬ್ಬೆರಳ ಕಡೆಯ ಎಲುಬು) ಮಣಿಕಟ್ಟಿನ ಕಡೆಯ ಮೂರನೇ ಒಂದು ಭಾಗದಾಗ ಡೆಕ್ಸಾ ಮಾಡಿಸ್ರಿ. ಚೀಟಿ ಮ್ಯಾಲ "ಮುಂಗೈ" ಅಂತ ಬರೀದಿದ್ರ ಬೆನ್ನು, ಸೊಂಟ ಮಾಡಿ ಕಳಸ್ತಾರ.

ಇನ್ನೊಂದು ತೊಡಕು ಫ್ಲೋರೈಡ್. ಕುಡಿಯೋ ಬೋರ್ ನೀರಿನಾಗ ಲೀಟರ್‌ಗೆ 1.5 ಮಿಲಿಗ್ರಾಂ ದಾಟಿ ವರ್ಷಗಟ್ಟಲೆ ಕುಡಿದಿದ್ರ ಬೆನ್ನು ದಟ್ಟ ಕಾಣ್ತದ. ದಟ್ಟ ಅಂದ್ರ ಗಟ್ಟಿ ಅಲ್ಲ. ಮುಂಗೈ ಎಕ್ಸ್‌ರೇದಾಗ ಎರಡೆಲುಬಿನ ನಡುವಿನ ಪೊರೆ ಸುಣ್ಣಗಟ್ಟಿದ್ರ ಫ್ಲೋರೋಸಿಸ್ ಅನುಮಾನ ಗಟ್ಟಿ. ಫಾಸ್ಫಟೇಸ್ 260ರಾಗ ಅದರದ್ದೂ ಪಾಲು ಇರಬಹುದು.

ಬೀದರ್_ಎಂಡೋ:
ವಿಟಮಿನ್ ಡಿ ಕೊಡಲೇಬೇಕು. ಅದು ಕಡಿಮೆ ಇದ್ದರೆ ಪಿಟಿಎಚ್ ಇನ್ನಷ್ಟು ಏರುತ್ತದೆ. ಆದರೆ 6 ಲಕ್ಷ ಯೂನಿಟ್ ಸೂಜಿ ಬೇಡ. ದಿನಕ್ಕೆ 1,000 ಯೂನಿಟ್‌ನಿಂದ ಶುರು ಮಾಡಿ, ಎರಡು ವಾರಕ್ಕೆ ಕ್ಯಾಲ್ಸಿಯಂ ನೋಡಿ. 24 ಗಂಟೆ ಮೂತ್ರದ ಕ್ಯಾಲ್ಸಿಯಂ ಮೊದಲೇ ಅಳೆದಿಟ್ಟುಕೊಳ್ಳಿ. ಹಾಲು, ಮೊಸರು ಬಿಡಿಸುವ ರೂಢಿ ತಪ್ಪು: ಊಟದಲ್ಲಿ ಸಿಗದ ಕ್ಯಾಲ್ಸಿಯಂ ಎಲುಬಿನಿಂದ ಹೋಗುತ್ತದೆ. ಮೇ ತಿಂಗಳ ಬಿಸಿಲಲ್ಲಿ ನೀರು ಕುಡಿಯುವುದು ಕಡಿಮೆಯಾದರೂ ಕ್ಯಾಲ್ಸಿಯಂ ಏರುತ್ತದೆ.

ಮೆನ್-1ರಲ್ಲಿ ನಾಲ್ಕೂ ಪ್ಯಾರಾಥೈರಾಯ್ಡ್ ಗ್ರಂಥಿಗಳು ಕೆಟ್ಟಿರುತ್ತವೆ ಎಂದೇ ಹಿಡಿದು ಹೊರಡಬೇಕು. ದೊಡ್ಡದೊಂದನ್ನು ಮಾತ್ರ ತೆಗೆದರೆ ಮರುಕಳಿಸುತ್ತದೆ. ಮೂರೂವರೆ ತೆಗೆದು, ಕುತ್ತಿಗೆಯ ಕಡೆಯಿಂದ ಥೈಮಸ್ಸನ್ನೂ (ಎದೆಯ ಮೇಲ್ಭಾಗದ ಗ್ರಂಥಿ) ತೆಗೆಯುವುದು ರೂಢಿ.

ವಾರ್ಡ್_ಸಿಸ್ಟರ್:
260 ಫಾಸ್ಫಟೇಸ್, 9 ಡಿ. ಹಸಿದ ಎಲುಬಿಗೆ (ಆಪರೇಷನ್ ಆದ ಮೇಲೆ ಎಲುಬು ರಕ್ತದ ಕ್ಯಾಲ್ಸಿಯಂ ಹೀರಿಕೊಳ್ಳೋದು) ತಯಾರಾಗಿರಿ. ಎರಡನೇ ದಿನದಿಂದ ನಾಲ್ಕನೇ ದಿನದವರೆಗೆ ಕ್ಯಾಲ್ಸಿಯಂ ಇಳಿಯುತ್ತೆ. ತುಟಿ, ಬೆರಳ ತುದಿ ಜುಮ್ ಅಂತ ಶುರು. ಫಾಸ್ಫರಸ್ ಕಡಿಮೆಯಿದ್ದರೆ ಎಲುಬು ಹೀರುತ್ತಿದೆ, ಜಾಸ್ತಿಯಿದ್ದರೆ ಉಳಿಸಿದ ಗ್ರಂಥಿ ಕೆಲಸ ಮಾಡುತ್ತಿಲ್ಲ. ಮ್ಯಾಗ್ನೀಸಿಯಂ ಕಡಿಮೆ ಉಳಿದರೆ ಎಷ್ಟು ಕ್ಯಾಲ್ಸಿಯಂ ಹಾಕಿದರೂ ನಿಲ್ಲಲ್ಲ. 10% ಗ್ಲುಕೋನೇಟ್ 10 ಮಿಲಿಯನ್ನು ಕನಿಷ್ಠ 10 ನಿಮಿಷದಲ್ಲಿ, ಮಾನಿಟರ್ ಹಚ್ಚಿ. ಅದೇ ಲೈನ್‌ನಲ್ಲಿ ಬೈಕಾರ್ಬೊನೇಟ್ ಬೇಡ, ಎರಡೂ ಸೇರಿ ಗಸಿ ಕಟ್ಟುತ್ತೆ. ಗ್ಯಾಸ್ಟ್ರಿನೋಮಾಗೆ (ಹೊಟ್ಟೆಯ ಆಮ್ಲ ಏರಿಸುವ ಗಡ್ಡೆ) ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ನಡೀತಿದ್ರೆ ಕಾರ್ಬೊನೇಟ್ ಬಿಟ್ಟು ಸಿಟ್ರೇಟ್ ಮಾತ್ರೆ ಕೊಡಿ.

ಯಾದಗಿರಿ_ಲ್ಯಾಬ್:
ಕೂದಲಿಗೆ ಬಯೋಟಿನ್ (ಒಂದು ಬಿ ವಿಟಮಿನ್) ತಗೋತಿದ್ದಾರೆ, ಈಗ ಗೊತ್ತಾಯ್ತು.

ಬೀದರ್_ಎಂಡೋ:
ಹಾಗಾದರೆ 118 ಕಡಿಮೆಯಾಗಿ ಬಂದಿರಬಹುದು. ಬಹಳ ಯಂತ್ರಗಳಲ್ಲಿ ಬಯೋಟಿನ್ ಪಿಟಿಎಚ್ ಇಳಿಸಿ ತೋರಿಸುತ್ತದೆ. ಮೂರು ದಿನ ನಿಲ್ಲಿಸಿ, ಮತ್ತೆ ರಕ್ತ ತೆಗೆಯಿರಿ.