ಹವಾಮಾನ ಬದಲಾವಣೆ ಬಗ್ಗೆ ಬರೆದರೆ ಜನ ಮೈಮೇಲೆ ಬೀಳುತ್ತಾರೆ, ಯಾರಿಗೆ ಉತ್ತರ ಕೊಡೋದು, ಯಾರನ್ನು ಬಿಡೋದು?

ಸಂಪಿಗೆ_ಮರ

ನಮಸ್ಕಾರ. ನಾನು ಮಲ್ಲೇಶ್ವರದಲ್ಲಿ ಹುಟ್ಟಿ ಬೆಳೆದವಳು, ಮದುವೆಯಾದ ಮೇಲೆ ವಿದ್ಯಾರಣ್ಯಪುರ. ನಮ್ಮ ಬಡಾವಣೆಯ ಫೇಸ್‌ಬುಕ್ ಗುಂಪಿನಲ್ಲಿ ಆಗಾಗ ಮಳೆ, ಬಿಸಿಲು, ಕೆರೆ ಅಂತ ಬರೆಯುತ್ತಿರುತ್ತೇನೆ. ಸಂಪಿಗೆ ಹೂವಿನ ಫೋಟೊ ಹಾಕಿದರೆ ಎಲ್ಲರೂ ಲೈಕ್ ಒತ್ತುತ್ತಾರೆ. ಹವಾಮಾನದ ವಿಷಯ ಎತ್ತಿದೆನೋ, ಮುಗೀತು ಕಥೆ.

ಈ ಸಲ ಬರೆದಿದ್ದು ಇಷ್ಟೆ. 2024ರ ಏಪ್ರಿಲ್‌ನಲ್ಲಿ ಬೆಂಗಳೂರಿಗೆ ಮಳೆಯೇ ಬರಲಿಲ್ಲ, 28ನೇ ತಾರೀಖು 38.5 ಡಿಗ್ರಿ ಮುಟ್ಟಿತು. ಜೂನ್ 2ಕ್ಕೆ ನೋಡಿದರೆ ಒಂದೇ ದಿನ 111 ಮಿಲಿಮೀಟರ್. ಜೂನ್ ತಿಂಗಳ ಒಂದು ದಿನದಲ್ಲಿ ಅಷ್ಟು ಮಳೆ 133 ವರ್ಷದಲ್ಲಿ ಆಗಿರಲಿಲ್ಲವಂತೆ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು ಕಡೆಯವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋಗಿದ್ದನ್ನೂ ನೆನಪಿಸಿದೆ. ಭೂಮಿ ಬಿಸಿಯಾದಷ್ಟೂ ಇಂಥ ಏರುಪೇರು ಜಾಸ್ತಿಯಾಗುತ್ತದೆ, ಕೈಲಾದಷ್ಟು ಮಾಡೋಣ ಅಂತ ಕೊನೆಗೆ ಒಂದು ಸಾಲು.

ಬಂದ ಕಾಮೆಂಟುಗಳು:

"ಮೇಡಂ, ಮೊದಲು ನಿಮ್ಮನೆ ಎಸಿ ಆಫ್ ಮಾಡಿ." (ನಮ್ಮನೇಲಿ ಎಸಿ ಇಲ್ಲ.)
"2016ರಲ್ಲಿ 39.2 ಡಿಗ್ರಿ ಇತ್ತು. ಆಗ ಎಲ್ಲಿ ಹೋಗಿತ್ತು ನಿಮ್ಮ ಜ್ಞಾನ?"
"ಇದೆಲ್ಲ ಕಾಂಕ್ರೀಟ್ ಹಾಕಿ ಮರ ಕಡಿದಿದ್ದರ ಫಲ. ಭೂಮಿ ಗೀಮಿ ಅಂತ ಪುಂಗಬೇಡಿ."
"ಹೋಗಿ ಅಮೆರಿಕಾದವರಿಗೆ ಹೇಳಿ. ನಮ್ಮ ಹೊಟ್ಟೆ ಮೇಲೆ ಯಾಕೆ ಹೊಡೀತೀರಾ?"
"ಯಾವ ಎನ್‌ಜಿಒ ದುಡ್ಡು ಕೊಡುತ್ತೆ?"
"ಊರಿನ ಹೆಸರು ಕೆಡಿಸೋಕೇ ಅಂತ ಕೆಲವರು ಕೂತಿರ್ತಾರೆ."

ಕೊನೇದು ಬರೆದಿದ್ದು ನಮ್ಮ ಎದುರು ಮನೆ ಅಂಕಲ್. ಸಂಕ್ರಾಂತಿಗೆ ಎಳ್ಳುಬೆಲ್ಲ ಹಿಡಿದು ಮೊದಲು ನಮ್ಮನೆಗೇ ಬರುವವರು. ರಾತ್ರಿ ಇದನ್ನು ಬರೆದು, ಬೆಳಿಗ್ಗೆ ಹಾಲಿನ ಬೂತ್ ಹತ್ತಿರ "ಏನಮ್ಮಾ, ಚೆನ್ನಾಗಿದ್ದೀಯಾ? ಮಗಳ ಪರೀಕ್ಷೆ ಮುಗೀತಾ?" ಅಂತ ಕೇಳಿದರು. ನನಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಇನ್ನೊಬ್ಬ, ಯಾರೋ ಏನೋ, ನನ್ನ ಮಗಳ ಜೊತೆಗಿರುವ ಹಳೇ ಫೋಟೊ ಹುಡುಕಿ ಇನ್‌ಬಾಕ್ಸಿಗೆ ಕೊಳಕಾಗಿ ಬರೆದಿದ್ದಾನೆ. "ಊರ ಉಸಾಬರಿ ನಿನಗ್ಯಾಕೆ" ಅನ್ನುತ್ತಾರೆ ನಮ್ಮ ಯಜಮಾನರು. ಬಿಡೋಕೆ ಮನಸ್ಸಿಲ್ಲ. ಹಾಗಂತ ದಿನವಿಡೀ ಫೋನ್ ಹಿಡಿದು ಜಗಳ ಆಡೋಕೂ ಆಗಲ್ಲ. ಏನು ಮಾಡಲಿ?

ಸುಮ್ನೆ_ಓದುವವ

ಬ್ಲಾಕ್ ಒತ್ತಿ, ಕಾಫಿ ಕುಡೀರಿ. ಕೆಸರಿಗೆ ಕಲ್ಲು ಹಾಕಿದರೆ ಸಿಡಿಯೋದು ನಮ್ಮ ಮುಖಕ್ಕೇ.

ನಿವೃತ್ತ_ಮೇಷ್ಟ್ರು

ಅಮ್ಮಾ, ಮೊದಲು ಆ ಇನ್‌ಬಾಕ್ಸಿನವನ ವಿಷಯ. ಅವನಿಗೆ ಒಂದಕ್ಷರವೂ ಉತ್ತರ ಬರೆಯಬೇಡಿ. ಬ್ಲಾಕ್ ಮಾಡುವ ಮುಂಚೆ ಮೆಸೇಜು, ತಾರೀಖು, ಅವನ ಪ್ರೊಫೈಲ್ ಎಲ್ಲ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಡಿ. ಮಗಳ ವಿಷಯಕ್ಕೆ ಬಂದಿದ್ದಾನೆ ಅಂದರೆ ಅದು ಚರ್ಚೆ ಅಲ್ಲ. ರಾಷ್ಟ್ರೀಯ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ಮನೆಯಿಂದಲೇ ದೂರು ಕೊಡಬಹುದು. ಬೆಂಗಳೂರಿನಲ್ಲಿ ಇಂಥದ್ದಕ್ಕೇ ಅಂತ ಸೈಬರ್ ಕ್ರೈಂ ಠಾಣೆಗಳೂ ಇವೆ. ಯಜಮಾನರನ್ನೂ ಕರೆದುಕೊಂಡು ಹೋಗಿ.

ಇನ್ನು ಉಳಿದವರು. ನಾನು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡಿದವನು. ಹಿಂದಿನ ಬೆಂಚಿನಿಂದ ಒಬ್ಬ ಕೂಗಿದರೆ ನಾನು ಉತ್ತರ ಹೇಳುತ್ತಿದ್ದುದು ಇಡೀ ಕ್ಲಾಸಿಗೆ, ಅವನೊಬ್ಬನಿಗಲ್ಲ. ನಿಮ್ಮ ಗುಂಪಿನಲ್ಲೂ ಬಾಯಿ ಬಿಡದೆ ಓದುವವರೇ ಜಾಸ್ತಿ. ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯಿರಿ. ಆಗ ದನಿ ತಾನಾಗಿಯೇ ಇಳಿಯುತ್ತದೆ.

ಕಾಂಕ್ರೀಟ್ ಅಂದವರು ಅರ್ಧ ಸರಿ. ಅದನ್ನು ಮೊದಲೇ ಒಪ್ಪಿಕೊಳ್ಳಿ. ಊರಿನ ಸೆಕೆಯಲ್ಲಿ ಕಟ್ಟಡ, ಡಾಂಬರಿನ ಪಾಲು ದೊಡ್ಡದೇ. ಹಗಲು ಕುಡಿದ ಬಿಸಿಲನ್ನು ಗೋಡೆಗಳು ರಾತ್ರಿಯೆಲ್ಲ ಕಾರುತ್ತವೆ. ಬೆಳ್ಳಂದೂರಿನ ಪ್ರವಾಹವೂ ಹಾಗೇ, ಮಳೆ ಜೋರಾಗಿದ್ದು ಒಂದು, ಮಳೆನೀರು ಹರಿಯುವ ರಾಜಕಾಲುವೆ ಮುಚ್ಚಿದ್ದು ಇನ್ನೊಂದು. ಆದರೆ ಸಮುದ್ರದ ನಡುವೆ ಯಾರು ಕಾಂಕ್ರೀಟ್ ಹಾಕಿದ್ದಾರೆ? ಅಲ್ಲಿ ಸಾವಿರಾರು ಆರ್ಗೋ ತೇಲುಯಂತ್ರಗಳು ಮುಳುಗಿ ಎದ್ದು ನೀರಿನ ಬಿಸಿ ಅಳೆಯುತ್ತಲೇ ಇವೆ. ಭೂಮಿ ಹಿಡಿದಿಟ್ಟುಕೊಳ್ಳುತ್ತಿರುವ ಹೆಚ್ಚುವರಿ ಶಾಖದಲ್ಲಿ ನೂರಕ್ಕೆ 90 ಪಾಲು ಸಮುದ್ರಕ್ಕೇ ಹೋಗುತ್ತಿದೆ. ಇಷ್ಟು ಹೇಳಿ ಸುಮ್ಮನಾಗಿ.

2016 ಅಂದವರು ನಿಮ್ಮ ಪರವೇ ಸಾಕ್ಷಿ ಹೇಳಿದ್ದಾರೆ, ಅವರಿಗೆ ಗೊತ್ತಿಲ್ಲ. ಅದು ಎಲ್ ನಿನೊ ಕಾಲ, ಅಂದರೆ ಪೆಸಿಫಿಕ್ ಸಾಗರದ ನೀರು ಬಿಸಿಯಾಗಿ ಜಗತ್ತಿನ ಸೆಕೆ ಏರುವ ಕಾಲ. ಜಗತ್ತಿಗೆ ಆವರೆಗಿನ ಅತಿ ಬಿಸಿಯ ವರ್ಷವೂ ಅದೇ. 2023 ಅದನ್ನು ಮೀರಿತು, 2024 ಅದನ್ನೂ ಮೀರಿತು. ಒಂದು ಊರಿನ ಒಂದು ದಿನ ಹಿಡಿದುಕೊಂಡು ಕೂತರೆ ಆಚೆಯವರಿಗೂ ಇನ್ನೊಂದು ದಿನ ಸಿಗುತ್ತದೆ. ಹತ್ತಾರು ವರ್ಷದ ಸರಾಸರಿ ಕಡೆ ಮಾತು ತಿರುಗಿಸಿ.

ಅಮೆರಿಕಾ ಅಂದವರ ಜೊತೆ ಜಗಳವೇ ಬೇಡ. ಅವರು ಹೇಳಿದ್ದು ನ್ಯಾಯದ ಮಾತು. ತಲೆಗೆ ಲೆಕ್ಕ ಹಾಕಿದರೆ ವರ್ಷಕ್ಕೆ ಅಲ್ಲಿ ಸುಮಾರು 14 ಟನ್ ಇಂಗಾಲದ ಡೈಆಕ್ಸೈಡ್, ನಮ್ಮದು 2 ಟನ್ ಆಸುಪಾಸು. ಹೊಣೆ ಎಲ್ಲರದೂ, ಆದರೆ ಸಮಪಾಲಲ್ಲ ಅನ್ನೋದನ್ನು 1992ರ ರಿಯೊ ಸಮ್ಮೇಳನವೇ ಒಪ್ಪಿದೆ. "ಸರಿಯಾಗಿ ಹೇಳಿದಿರಿ ಸಾರ್" ಅನ್ನಿ. ಜಗಳಕ್ಕೆ ತಯಾರಾಗಿ ಬಂದವರಿಗೆ ಮುಂದೇನು ಹೇಳಬೇಕೋ ತೋಚುವುದಿಲ್ಲ. ಆಮೇಲೆ ನಿಧಾನವಾಗಿ, ಏಪ್ರಿಲ್ ಮಧ್ಯಾಹ್ನ ರಸ್ತೆ ಗುಡಿಸುವವರು, ಗಾರೆ ಕೆಲಸದವರು ಏನು ಮಾಡಬೇಕು ಅಂತ ಅವರನ್ನೇ ಕೇಳಿ.

ಎಸಿ, ಎನ್‌ಜಿಒ ಎರಡಕ್ಕೂ ಉತ್ತರ ಬೇಡ. ಎಸಿ ಇಲ್ಲ ಅಂದರೆ ಫ್ರಿಜ್ ಇದೆಯಲ್ಲ ಅಂತಾರೆ. ಅದೂ ಇಲ್ಲ ಅಂದರೆ ಫೋನ್ ಹೇಗೆ ಚಾರ್ಜ್ ಮಾಡಿದಿರಿ ಅಂತಾರೆ. ನಿಮ್ಮ ಮನೆ ಸಾಮಾನಿನ ಪಟ್ಟಿ ಊರಿಗೆ ಯಾಕೆ ಒಪ್ಪಿಸಬೇಕು? ಒಬ್ಬರಿಗೆ ಒಂದು ಸಲ ಉತ್ತರ, ತೀರಾ ಬೇಕಾದರೆ ಎರಡು. ರಾತ್ರಿ ಹತ್ತರ ಮೇಲೆ ಬೇಡವೇ ಬೇಡ.

ಹೊಸಕೋಟೆ_ಹುಡುಗ

ಮೇಷ್ಟ್ರೇ, ಲೆಕ್ಕ ಎಲ್ಲ ಸರಿ ಇದೆ. ನಾನು ಇನ್ನೊಂದು ಕಡೆಯಿಂದ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ.

ನಾನು ಕ್ಯಾಬ್ ಓಡಿಸೋನು, ಡೀಸೆಲ್ ಗಾಡಿ, ಸಾಲ ಇನ್ನೂ ತೀರಿಲ್ಲ. "ಕೈಲಾದಷ್ಟು ಮಾಡೋಣ" ಅಂತ ಯಾರಾದರೂ ಬರೆದರೆ ನನಗೆ ಕೇಳಿಸೋದು ಕಂತು. ನಾಳೆ ಡೀಸೆಲ್ ಗಾಡಿ ಊರೊಳಗೆ ಬರಬೇಡ ಅಂದರೆ ಮನೆ ನಡೆಸೋದು ಹೇಗೆ? ಅಕ್ಕ ಹಾಗೆ ಹೇಳಿಲ್ಲ, ಗೊತ್ತು. ಆದರೂ ಓದುವಾಗ ಮನಸ್ಸು ಮೊದಲು ಅಲ್ಲಿಗೇ ಹೋಗುತ್ತೆ. ಸಿಟ್ಟು ಬರೋದು ಭೂಮಿ ಬಿಸಿ ಅಂದಿದ್ದಕ್ಕಲ್ಲ, ಮುಂದೆ ಬರೋ ಬಿಲ್ ಯಾರ ಹೆಸರಿಗೆ ಅನ್ನೋದಕ್ಕೆ.

ನಮ್ಮಮ್ಮ ಊರಲ್ಲಿ ರಾಗಿ ಬೆಳೀತಾರೆ. 2021ರ ನವೆಂಬರ್ ಮಳೆ ನೆನಪಿದೆಯಲ್ವಾ? ಕುಯ್ಲಿನ ಹೊತ್ತಿಗೆ ಸರಿಯಾಗಿ ಹಿಡ್ಕೊಂಡು, ಹೊಲದಲ್ಲಿ ಮಲಗಿದ್ದ ರಾಗಿ ತೆನೆಯಲ್ಲೇ ಮೊಳಕೆ ಒಡೆದಿತ್ತು. ತೆನೆ ಹಿಚುಕಿದರೆ ಕೈಗೆ ಬಿಳೀ ಬೇರು ಅಂಟ್ಕೊಳ್ತಿತ್ತು. ದನಕ್ಕೆ ಹಾಕೋಣ ಅಂದರೆ ಹುಲ್ಲೂ ಕೊಳೆತಿತ್ತು. ಅಮ್ಮನ ಹತ್ತಿರ ಹವಾಮಾನ ಬದಲಾವಣೆ ಅಂದರೆ "ಅದೇನೋ ಓದಿದವರದ್ದು" ಅಂತಾರೆ. ಆ ವರ್ಷದ ರಾಗಿ ಏನಾಯ್ತು ಅಂತ ಕೇಳಿ ನೋಡಿ, ಎದ್ದು ಬರೋಕೆ ಬಿಡಲ್ಲ. ನೀವೂ ಮೊದಲು ಕೇಳಿ ಅಕ್ಕ, ಹೇಳೋದು ಆಮೇಲೆ.

ಎದುರು ಮನೆ ಅಂಕಲ್‌ಗೆ ಆನ್‌ಲೈನಲ್ಲಿ ಉತ್ತರ ಕೊಡಬೇಡಿ. ದಿನಾ ಎದುರಿಗೇ ಸಿಗ್ತಾರಲ್ಲ, ಅಲ್ಲೇ ಕೇಳಿ. ನಮ್ಮ ಕಡೆ ಕೆರೆ ಪಕ್ಕ ಸೈಟ್ ತಗೊಂಡವರಿಗೆ ಕೆರೆ ಸುದ್ದಿ ಎತ್ತಿದರೇ ಎದೆ ಡವಡವ. ಕೆರೆ ಸುತ್ತ ಮನೆ ಕಟ್ಟಬಾರದ ಬಫರ್ ಜೋನ್ ಅಂತ ಯಾವತ್ತು ಜೆಸಿಬಿ ಬರುತ್ತೋ ಅಂತ.

ಸಂಪಿಗೆ_ಮರ

ಎಲ್ಲರಿಗೂ ಥ್ಯಾಂಕ್ಸ್. ಇನ್‌ಬಾಕ್ಸಿನವನ ಮೇಲೆ ಪೋರ್ಟಲ್‌ನಲ್ಲಿ ದೂರು ಹಾಕಿದ್ದಾಯಿತು. ಅವನ ಅಕೌಂಟೇ ಈಗ ಕಾಣುತ್ತಿಲ್ಲ.

2016ರವರಿಗೆ ಮೇಷ್ಟ್ರು ಹೇಳಿದ ಹಾಗೇ ಬರೆದೆ. ಅವರು ನಗುವ ಎಮೋಜಿ ಹಾಕಿ ಹೋದರು. ಆದರೆ ಯಾವತ್ತೂ ಮಾತಾಡದ ಒಬ್ಬರು ಕೆಳಗೆ ಬಂದು, "ನಮ್ಮ ಮೇಲಿನ ಮಹಡಿ ರಾತ್ರಿ ಒಂದು ಗಂಟೆಗೂ ಕಾದಿರುತ್ತೆ, ಚಾವಣಿಗೆ ಬಿಳಿ ಬಣ್ಣ ಬಳಿದರೆ ಉಪಯೋಗ ಉಂಟಾ?" ಅಂತ ಕೇಳಿದ್ದಾರೆ. ಈಗ ಪೂರ್ತಿ ಅದರದ್ದೇ ಮಾತುಕತೆ. ಎಸಿ ಆಫ್ ಮಾಡಿ ಅಂದವರೂ ಯಾವ ಪೇಂಟ್, ಎಷ್ಟು ಖರ್ಚು ಅಂತ ವಿಚಾರಿಸುತ್ತಿದ್ದಾರೆ!

ಅಂಕಲ್ ವಿಷಯ. ಬೂತ್ ಹತ್ತಿರ ಕೇಳಿಯೇಬಿಟ್ಟೆ. ಸ್ವಲ್ಪ ಹೊತ್ತು ಹಾಲಿನ ಪ್ಯಾಕೆಟ್ ತಿರುಗಿಸಿ ಮುರುಗಿಸಿ ನೋಡಿದರು. ಅವರ ಮಗ ಬೆಳ್ಳಂದೂರು ಪಕ್ಕದ ವರ್ತೂರು ಕಡೆ ಸಾಲ ಮಾಡಿ ಫ್ಲಾಟ್ ತಗೊಂಡಿದ್ದಾನೆ. 2022ರಲ್ಲಿ ಬೇಸ್‌ಮೆಂಟ್ ಪೂರಾ ನೀರು ತುಂಬಿ ಕಾರು ಹೋಯಿತು. ಈಗ ಮಾರೋಣ ಅಂದರೆ ಬಂದವರೆಲ್ಲ ಮೊದಲು ಕೇಳುವುದು ನೀರಿನ ವಿಷಯವನ್ನೇ. "ನೀನು ಬರಿಯಮ್ಮಾ, ಬೇಡ ಅನ್ನಲ್ಲ. ಏರಿಯಾ ಹೆಸರು ಮಾತ್ರ ಹಾಕಬೇಡ" ಅಂದರು.

ಹೆಸರು ಬಿಟ್ಟು ಬರೆಯೋದು ಹೇಗೆ ಹೇಳಿ? "ಎಲ್ಲೋ ಒಂದು ಕಡೆ ನೀರು ತುಂಬಿತು" ಅಂತ ಬರೆಯಲಾ?

ನಿವೃತ್ತ_ಮೇಷ್ಟ್ರು

ಹಾಕಿ. ನಾಳೆ ಅದೇ ಫ್ಲಾಟ್ ಕೊಳ್ಳುವವನಿಗೂ ಮನೆ, ಮಕ್ಕಳು ಇರುತ್ತಾರೆ.

ಹೊಸಕೋಟೆ_ಹುಡುಗ

ಹಾಕಬೇಡಿ ಅಕ್ಕ. ಅಲ್ಲಿ ನೀರು ತುಂಬೋದು ಕೊಳ್ಳೋರಿಗೆ ಗೊತ್ತಿಲ್ಲ ಅಂದ್ಕೊಂಡಿದ್ದೀರಾ? ಅವರೇ ಕೇಳ್ತಿದ್ದಾರಲ್ಲ. ನಿಮ್ಮ ಪೋಸ್ಟಿಂದ ಹೊಸದಾಗಿ ಯಾರಿಗೂ ಏನೂ ತಿಳಿಯಲ್ಲ, ಅಂಕಲ್ ಜೊತೆ ಮಾತು ಬಿಟ್ಟುಹೋಗುತ್ತೆ ಅಷ್ಟೆ.

ಸುಮ್ನೆ_ಓದುವವ

ಆ ಬಿಳಿ ಪೇಂಟ್ ಖರ್ಚು ಎಷ್ಟಂತೆ? ನಮ್ಮನೆ ಮೇಲಿನ ರೂಮೂ ಅದೇ ಕಥೆ.