ಗೇಮಿಂಗ್ ಲ್ಯಾಪ್‌ಟಾಪ್: ದುಡ್ಡು ಪ್ರೊಸೆಸರ್‌ಗೆ ಹಾಕೋದಾ, ಸ್ಕ್ರೀನ್‌ಗೆ ಹಾಕೋದಾ?

ಬಿಸಿಲೂರು_ಗೇಮರ್

ಎಲ್ಲರಿಗೂ ನಮಸ್ಕಾರ. ಒಂದು ಲಕ್ಷದ ಆಸುಪಾಸಿನಲ್ಲಿ ಗೇಮಿಂಗ್ ಲ್ಯಾಪ್‌ಟಾಪ್ ತಗೋಬೇಕು. ಹುಡುಕಿ ಹುಡುಕಿ ಮೂರಕ್ಕೆ ಬಂದು ನಿಂತಿದೆ. ಮೂರರಲ್ಲೂ ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್, 16 ಜಿಬಿ ಡಿಡಿಆರ್5 ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ. ವ್ಯತ್ಯಾಸ ಇಷ್ಟೇ (ಎನ್‌ಟಿಎಸ್‌ಸಿ, ಎಸ್‌ಆರ್‌ಜಿಬಿ ಅಂದ್ರೆ ಸ್ಕ್ರೀನ್ ಎಷ್ಟು ಬಣ್ಣ ತೋರಿಸುತ್ತೆ ಅನ್ನೋ ಅಳತೆ, ನಿಟ್ಸ್ ಅಂದ್ರೆ ಬೆಳಕಿನ ಅಳತೆ):

ಅ) ಕೋರ್ ಐ7-14650ಎಚ್‌ಎಕ್ಸ್. 15.6 ಇಂಚು ಫುಲ್ ಎಚ್‌ಡಿ, 144 ಹರ್ಟ್ಜ್, 45% ಎನ್‌ಟಿಎಸ್‌ಸಿ, 300 ನಿಟ್ಸ್.
ಆ) ಕೋರ್ ಐ5-13450ಎಚ್‌ಎಕ್ಸ್. 15.6 ಇಂಚು ಫುಲ್ ಎಚ್‌ಡಿ, 144 ಹರ್ಟ್ಜ್, 100% ಎಸ್‌ಆರ್‌ಜಿಬಿ, 350 ನಿಟ್ಸ್.
ಇ) ರೈಜನ್ 7 7735ಎಚ್‌ಎಸ್. 16 ಇಂಚು 2560×1600, 165 ಹರ್ಟ್ಜ್, 100% ಎಸ್‌ಆರ್‌ಜಿಬಿ, 350 ನಿಟ್ಸ್.

ಅ ಮತ್ತು ಆ ಬೆಲೆ ಹೆಚ್ಚುಕಮ್ಮಿ ಒಂದೇ. ಇ ಏಳೆಂಟು ಸಾವಿರ ಜಾಸ್ತಿ. ಆಡೋದು ವ್ಯಾಲರಂಟ್, ಸೈಬರ್‌ಪಂಕ್ 2077. ಜೊತೆಗೆ ಕಾಲೇಜ್ ಫೆಸ್ಟ್‌ಗೆ ವಿಡಿಯೊ ಎಡಿಟಿಂಗ್. ಇರೋದು ಕಲಬುರಗಿ, ಹಾಸ್ಟೆಲ್ ರೂಮು, ಎಸಿ ಇಲ್ಲ. ಬೇರೆ ಮಾನಿಟರ್ ತಗೊಳ್ಳುವ ಯೋಚನೆ ಇಲ್ಲ. ಅಂಗಡಿಯವರು ಕಣ್ಣು ಮುಚ್ಚಿ ಐ7 ತಗೊಳ್ಳಿ ಅಂತಿದ್ದಾರೆ. ಗೊತ್ತಿರೋರು ದಯವಿಟ್ಟು ಹೇಳಿ.

ಫ್ರೇಮ್_ಟೈಮ್

ಆ ತಗೊಳ್ಳಿ.

ಮೊದಲು ಸ್ಕ್ರೀನ್. 45% ಎನ್‌ಟಿಎಸ್‌ಸಿ ಅಂದರೆ ಎಸ್‌ಆರ್‌ಜಿಬಿ ಲೆಕ್ಕದಲ್ಲಿ 60ರಿಂದ 65% ಅಷ್ಟೇ. ಕೆಂಪು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ, ಹಸಿರು ಮಾಸುತ್ತದೆ. ಎಡಿಟ್ ಮಾಡುವಾಗ ಎಲ್ಲ ಸಪ್ಪೆ ಕಾಣುತ್ತಿದೆ ಅಂತ ಸ್ಯಾಚುರೇಶನ್ ಏರಿಸುತ್ತೀರಿ. ಅದೇ ವಿಡಿಯೊ ಫೋನಿನಲ್ಲಿ ತೆರೆದರೆ ಎಲ್ಲರ ಮುಖವೂ ಕಿತ್ತಳೆ. ಕ್ಯಾಲಿಬ್ರೇಶನ್ ಮಾಡಿದರೂ ಇದು ಸರಿಹೋಗಲ್ಲ. ಪ್ಯಾನೆಲ್‌ಗೆ ಬರದ ಬಣ್ಣವನ್ನು ಸಾಫ್ಟ್‌ವೇರ್ ತರಲಾರದು.

ಗೇಮಿಂಗ್‌ಗೆ ಬಣ್ಣಕ್ಕಿಂತ ದೊಡ್ಡ ತೊಂದರೆ ಪಿಕ್ಸೆಲ್‌ನ ನಿಧಾನ. 144 ಹರ್ಟ್ಜ್ ಅಂದರೆ 6.94 ಮಿಲಿಸೆಕೆಂಡಿಗೊಂದು ಹೊಸ ಫ್ರೇಮ್. ಅಗ್ಗದ 45% ಪ್ಯಾನೆಲ್‌ಗಳಲ್ಲಿ ಬಹಳಷ್ಟಕ್ಕೆ ಒಂದು ಬೂದು ಛಾಯೆಯಿಂದ ಇನ್ನೊಂದಕ್ಕೆ ಹೋಗಲು 20 ಮಿಲಿಸೆಕೆಂಡ್ ಸಾಲುವುದಿಲ್ಲ. ಒಂದು ಫ್ರೇಮ್ ಪೂರ್ತಿ ಮೂಡುವ ಮೊದಲೇ ಇನ್ನೆರಡು ಬಂದು ಅದರ ಮೇಲೆ ಕೂತಿರುತ್ತವೆ. ವ್ಯಾಲರಂಟ್‌ನಲ್ಲಿ ಮೌಸ್ ಸರಕ್ಕನೆ ತಿರುಗಿಸಿದಾಗ ಗೋಡೆಯ ಅಂಚಿನ ಹಿಂದೆ ಒಂದು ಕಂದು ನೆರಳು ಎಳೆದುಕೊಂಡು ಬರುತ್ತದೆ, ಎದುರಾಳಿಯ ತಲೆಯ ಅಂಚು ಕಲಸಿಹೋಗುತ್ತದೆ. ಡಬ್ಬದ ಮೇಲೆ 144 ಅಂತ ಬರೆದಿದ್ದರೂ ಕಣ್ಣಿಗೆ ಸಿಗೋದು ಅದಲ್ಲ. 100% ಎಸ್‌ಆರ್‌ಜಿಬಿ ಇದ್ದ ಮಾತ್ರಕ್ಕೆ ವೇಗ ಗ್ಯಾರಂಟಿ ಅಂತಲ್ಲ, ಆದರೆ ಆ ದರ್ಜೆಯ ಪ್ಯಾನೆಲ್‌ಗಳು ಸಾಮಾನ್ಯವಾಗಿ ಇವುಗಳಿಗಿಂತ ಚುರುಕು. 300 ಮತ್ತು 350 ನಿಟ್ಸ್ ನಡುವಿನ ಅಂತರಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಈಗ ಪ್ರೊಸೆಸರ್. 14650ಎಚ್‌ಎಕ್ಸ್‌ನಲ್ಲಿ 8 ಪಿ-ಕೋರ್ (ವೇಗದವು), 8 ಇ-ಕೋರ್ (ಕಡಿಮೆ ಕರೆಂಟ್ ತಿನ್ನುವವು), 5.2 ಗಿಗಾಹರ್ಟ್ಜ್, 30 ಎಂಬಿ ಕ್ಯಾಶ್. 13450ಎಚ್‌ಎಕ್ಸ್‌ನಲ್ಲಿ 6 ಮತ್ತು 4 ಕೋರ್, 4.6 ಗಿಗಾಹರ್ಟ್ಜ್, 20 ಎಂಬಿ. ಅಂತರ ನಿಜವಾದದ್ದೇ. ಆದರೆ ಸೈಬರ್‌ಪಂಕ್ ಹೈ ಸೆಟ್ಟಿಂಗ್‌ನಲ್ಲಿ ಮೊದಲು ಸುಸ್ತಾಗುವುದು 4060, ಪ್ರೊಸೆಸರ್ ಅಲ್ಲ. ವ್ಯಾಲರಂಟ್‌ನಲ್ಲಿ ಐ7 ಮುಂದಿರುತ್ತದೆ, ಸರಿ. ಆದರೆ ಐ5 ಕೂಡ 144 ದಾಟಿಯೇ ಓಡುತ್ತದೆ, ಅದರ ಮೇಲಿನದ್ದನ್ನು ನಿಮ್ಮ ಸ್ಕ್ರೀನ್ ತೋರಿಸಲ್ಲ. ಇನ್‌ಪುಟ್ ಲ್ಯಾಗ್ (ಮೌಸ್ ಒತ್ತಿದ್ದು ಸ್ಕ್ರೀನಿನಲ್ಲಿ ಕಾಣುವವರೆಗಿನ ತಡ) ಸ್ವಲ್ಪ ತಗ್ಗುತ್ತದೆ ನಿಜ, ಅದಕ್ಕೋಸ್ಕರ ಕಲಸಿಹೋಗುವ ಪ್ಯಾನೆಲ್ ಒಪ್ಪಿಕೊಳ್ಳುವುದು ಬೇಡ. 240 ಹರ್ಟ್ಜ್ ಮಾನಿಟರ್ ಹಾಕುವವರಾಗಿದ್ದರೆ ನನ್ನ ಉತ್ತರ ಅ ಆಗಿರುತ್ತಿತ್ತು.

ಮೂರನೇ_ಅಂಕಿ

ಆ ಸರಿಯಾದ ಆಯ್ಕೆ, ಒಪ್ಪಿದೆ. ಇ ಬಗ್ಗೆ ಯಾರೂ ಹೇಳಿಲ್ಲ, ಅದರಲ್ಲಿ ಎರಡು ಬೇರೆ ಬೇರೆ ವಿಷಯ ಇದೆ.

ಒಂದು, ಪ್ರೊಸೆಸರ್. ರೈಜನ್ 7000 ಮತ್ತು 8000 ಸರಣಿಯ ಲ್ಯಾಪ್‌ಟಾಪ್ ಚಿಪ್‌ಗಳಲ್ಲಿ ಮೂರನೇ ಅಂಕಿ ನೋಡಬೇಕು, ಅದು ಒಳಗಿರುವ ವಿನ್ಯಾಸ ಯಾವ ತಲೆಮಾರಿನದು ಅಂತ ಹೇಳುತ್ತದೆ. 7735ಎಚ್‌ಎಸ್‌ನಲ್ಲಿ ಅದು 3, ಅಂದರೆ ಝೆನ್ 3+. ಇದು 2022ರ 6800ಎಚ್ ಸಾಲಿನ ಚಿಪ್ಪೇ, ಹೊಸ ಹೆಸರಿನಲ್ಲಿ. 7840ಎಚ್‌ಎಸ್, 8845ಎಚ್‌ಎಸ್‌ನಲ್ಲಿ ಅದು 4, ಝೆನ್ 4. ಇವೆಲ್ಲಕ್ಕೂ 'ರೈಜನ್ 7' ಅಂತಲೇ ಸ್ಟಿಕರ್ ಇರುವುದರಿಂದ ಜನ ಮೋಸ ಹೋಗುತ್ತಾರೆ. 7735ಎಚ್‌ಎಸ್ ಕೆಟ್ಟ ಚಿಪ್ ಅಲ್ಲ, ಕಡಿಮೆ ವ್ಯಾಟ್‌ನಲ್ಲಿ ತಣ್ಣಗೆ ಓಡುತ್ತದೆ, ಕಲಬುರಗಿಗೆ ಅದೊಂದು ಲಾಭವೇ. ಆದರೆ ಮೂರರಲ್ಲಿ ಅತ್ಯಂತ ದುಬಾರಿ ಮಾಡೆಲ್‌ನಲ್ಲಿ ಹಳೆಯ ವಿನ್ಯಾಸ ಕೊಟ್ಟಿದ್ದಾರೆ. ಆಫರ್ ನೋಡಿ 7435ಎಚ್‌ಎಸ್ ಕಡೆ ಹೋಗುವವರಿಗೂ ಒಂದು ಮಾತು: ಅದರಲ್ಲಿ ಇಂಟಿಗ್ರೇಟೆಡ್ ಗ್ರಾಫಿಕ್ಸ್ ಇಲ್ಲವೇ ಇಲ್ಲ. ಕ್ಲಾಸಿನಲ್ಲಿ ಪಿಡಿಎಫ್ ಓದುವಾಗಲೂ ಎನ್‌ವಿಡಿಯಾ ಕಾರ್ಡ್ ಓಡುತ್ತಲೇ ಇರಬೇಕು, ಬ್ಯಾಟರಿ ಬೇಗ ಖಾಲಿ.

ಎರಡು, ಸ್ಕ್ರೀನ್. '4060ಗೆ 1600ಪಿ ಭಾರ' ಅಂತ ಎಲ್ಲರೂ ಹೇಳುವುದು ಅರ್ಧ ಸತ್ಯ. 2560×1600 ಅಂದರೆ 40.96 ಲಕ್ಷ ಪಿಕ್ಸೆಲ್, ಫುಲ್ ಎಚ್‌ಡಿಯ 20.7 ಲಕ್ಷಕ್ಕೆ ಸುಮಾರು ಎರಡು ಪಟ್ಟು. ನೇರವಾಗಿ ಓಡಿಸಿದರೆ ಭಾರವೇ. ಆದರೆ ಡಿಎಲ್‌ಎಸ್‌ಎಸ್ (ಕಡಿಮೆ ಪಿಕ್ಸೆಲ್‌ನಲ್ಲಿ ಚಿತ್ರ ಮಾಡಿ ಎಐನಿಂದ ದೊಡ್ಡದು ಮಾಡುವ ಎನ್‌ವಿಡಿಯಾ ತಂತ್ರ) ಕ್ವಾಲಿಟಿ ಹಾಕಿದರೆ ಒಳಗೆ ರೆಂಡರ್ ಆಗುವುದು ಸುಮಾರು 1707×1067, ಅಂದರೆ 18 ಲಕ್ಷ ಪಿಕ್ಸೆಲ್. ಇದು ಫುಲ್ ಎಚ್‌ಡಿ ನೇಟಿವ್‌ಗಿಂತಲೂ ಕಡಿಮೆ. ಅಪ್‌ಸ್ಕೇಲ್ ಮಾಡುವ ಖರ್ಚು ಸೇರಿಸಿದರೂ ಸೈಬರ್‌ಪಂಕ್ ಆಡಲು ಬರುತ್ತದೆ, ಚಿತ್ರವೂ ಫುಲ್ ಎಚ್‌ಡಿಗಿಂತ ಸ್ಪಷ್ಟ. ತದ್ವಿರುದ್ಧವಾಗಿ ಫುಲ್ ಎಚ್‌ಡಿ ಸ್ಕ್ರೀನಿನಲ್ಲಿ ಡಿಎಲ್‌ಎಸ್‌ಎಸ್ ಕ್ವಾಲಿಟಿಗೆ ಸಿಗೋದು 1280×720, ದೂರದ ತಂತಿ, ಕಂಬಿ, ಕೂದಲು ಎಲ್ಲ ಮಿನುಗುತ್ತವೆ.

ಇಕ್ಕಟ್ಟು ಬರುವುದು 8 ಜಿಬಿ ವಿಡಿಯೊ ಮೆಮೊರಿಯಲ್ಲಿ. 1600ಪಿ, ರೇ ಟ್ರೇಸಿಂಗ್, ಫ್ರೇಮ್ ಜನರೇಶನ್ (ನಡುವೆ ಕೃತಕ ಫ್ರೇಮ್ ಸೇರಿಸುವುದು) ಮೂರನ್ನೂ ಒಟ್ಟಿಗೆ ಹಾಕಿದರೆ ಮೆಮೊರಿ ತುಂಬಿ ಟೆಕ್ಸ್ಚರ್‌ಗಳು ಸಿಸ್ಟಮ್ ರ‍್ಯಾಮ್‌ಗೆ ಹೊರಳುತ್ತವೆ. ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್) ಚೆನ್ನಾಗೇ ತೋರಿಸುತ್ತಾ ನಡುನಡುವೆ ಗಕ್ಕನೆ ನಿಲ್ಲುವುದು ಇದರಿಂದಲೇ. ಆಗ ಟೆಕ್ಸ್ಚರ್ ಒಂದು ಹಂತ ಇಳಿಸಿ, ರೆಸಲ್ಯೂಶನ್ ಇಳಿಸಬೇಡಿ. 1600ಪಿ ಪ್ಯಾನೆಲ್‌ನಲ್ಲಿ 1920×1200 ಹಾಕಿದರೆ ಒಂದು ಪಿಕ್ಸೆಲ್ ಒಂದೂಕಾಲಿಗಿಂತ ಹೆಚ್ಚು ಪಿಕ್ಸೆಲ್‌ಗೆ ಹರಡಿ ಅಕ್ಷರಗಳೆಲ್ಲ ಮಸುಕಾಗುತ್ತವೆ.

ಇದೇ ಇ ಸ್ಕ್ರೀನು 7840ಎಚ್‌ಎಸ್ ಅಥವಾ 13650ಎಚ್‌ಎಕ್ಸ್ ಜೊತೆ ಸಿಕ್ಕರೆ ಏಳೆಂಟು ಸಾವಿರ ಕೊಡಿ. ಈಗಿರುವ ಜೋಡಿಗೆ ಬೇಡ.

ಬಿಸಿಲೂರು_ಗೇಮರ್

ಇಬ್ಬರಿಗೂ ಧನ್ಯವಾದ. ಹಾಗಾದ್ರೆ ಆ. ಆದರೆ ಡಬ್ಬದಲ್ಲಿ ಬರುವ ಪ್ಯಾನೆಲ್ ಅವರು ಬರೆದಿದ್ದೇ ಅಂತ ಹೇಗೆ ಖಾತ್ರಿ ಮಾಡ್ಕೊಳ್ಳೋದು? 4060 ಎಷ್ಟು ವ್ಯಾಟ್ ಅಂತ ಲಿಸ್ಟಿಂಗ್‌ನಲ್ಲಿ ಇಲ್ಲ. ಅದು ಮುಖ್ಯಾನಾ?

ಫ್ರೇಮ್_ಟೈಮ್

ತುಂಬಾ ಮುಖ್ಯ. ಲ್ಯಾಪ್‌ಟಾಪ್ 4060ಯನ್ನು 35ರಿಂದ 115 ವ್ಯಾಟ್‌ವರೆಗೆ ಯಾವುದಕ್ಕೆ ಬೇಕಾದರೂ ಕಟ್ಟಿಹಾಕಲು ಕಂಪನಿಗಳಿಗೆ ಅವಕಾಶ ಇದೆ. ಅದರ ಮೇಲೆ ಡೈನಾಮಿಕ್ ಬೂಸ್ಟ್ (ಪ್ರೊಸೆಸರ್ ಬಳಸದ ಪವರ್ ಗ್ರಾಫಿಕ್ಸ್‌ಗೆ ಕೊಡುವುದು) 25 ವ್ಯಾಟ್ ಸೇರಿ 140. 60-70 ವ್ಯಾಟ್‌ನ 4060ಗೂ 100 ದಾಟಿದ 4060ಗೂ ಆಟದಲ್ಲಿ ಎದ್ದು ಕಾಣುವ ಅಂತರ ಇದೆ. 100 ದಾಟಿದ ಮೇಲೆ ಲಾಭ ತೀರಾ ಕಡಿಮೆ, ಆದ್ದರಿಂದ 140ಕ್ಕೇ ಹಟ ಹಿಡಿಯಬೇಕಿಲ್ಲ.

ಕೊಳ್ಳುವ ಮೊದಲು: ಮಾಡೆಲ್ ಹೆಸರು ಸಾಲದು, ಪೂರ್ತಿ ಪಾರ್ಟ್ ನಂಬರ್ ಕೇಳಿ. ಒಂದೇ ಹೆಸರಿನಡಿ ಎರಡು ಮೂರು ಪ್ಯಾನೆಲ್ ಬರುವುದು ಮಾಮೂಲು. ಆ ನಂಬರ್ ಹಾಕಿ ಕಂಪನಿಯ ಸ್ಪೆಸಿಫಿಕೇಶನ್ ಪುಟ ತೆಗೆಯಿರಿ. ಲೆನೊವೊಗೆ ಪಿಎಸ್‌ರೆಫ್ ಅಂತ ಪ್ರತ್ಯೇಕ ತಾಣವೇ ಇದೆ, ಪಾರ್ಟ್ ನಂಬರ್ ಹಾಕಿದರೆ ಪ್ಯಾನೆಲ್, ವ್ಯಾಟ್, ರ‍್ಯಾಮ್ ಸ್ಲಾಟ್ ಎಲ್ಲ ಸಿಗುತ್ತದೆ. ಪುಟದಲ್ಲಿ 'ಅಪ್ ಟು' ಅಂತ ಇದ್ದರೆ ಅದು ಆ ಸರಣಿಯ ಗರಿಷ್ಠ, ನಿಮ್ಮ ಡಬ್ಬದ್ದಲ್ಲ.

ಡಬ್ಬ ತೆರೆದ ದಿನವೇ, ವಿಡಿಯೊ ರೆಕಾರ್ಡ್ ಮಾಡುತ್ತಾ, ಇವನ್ನು ನೋಡಿ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಹೆಲ್ಪ್, ಅದರೊಳಗೆ ಸಿಸ್ಟಮ್ ಇನ್ಫರ್ಮೇಶನ್: 'ಮ್ಯಾಕ್ಸಿಮಮ್ ಗ್ರಾಫಿಕ್ಸ್ ಪವರ್' ಅನ್ನುವ ಸಾಲಿನಲ್ಲಿ ವ್ಯಾಟ್ ಇರುತ್ತದೆ. ಪ್ಯಾನೆಲ್‌ಗೆ ಡಿವೈಸ್ ಮ್ಯಾನೇಜರ್, ಮಾನಿಟರ್ಸ್, ಪ್ರಾಪರ್ಟೀಸ್, ಡೀಟೇಲ್ಸ್, ಹಾರ್ಡ್‌ವೇರ್ ಐಡಿಸ್. ಅಲ್ಲಿ ಬಿಒಇ, ಎಯುಒ, ಸಿಎಂಎನ್ ಹೀಗೆ ಮೂರಕ್ಷರ, ಅದರ ನಂತರ ನಾಲ್ಕು ಅಂಕಿ-ಅಕ್ಷರ ಕಾಣುತ್ತದೆ. ಅದನ್ನು ಹುಡುಕಿದರೆ ಪ್ಯಾನೆಲ್‌ನ ನಿಜವಾದ ಬಣ್ಣದ ವ್ಯಾಪ್ತಿ ಮತ್ತು ರೆಸ್ಪಾನ್ಸ್ ಟೈಮ್ ಸಿಗುತ್ತದೆ. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ 'ಸ್ಲಾಟ್ಸ್ ಯೂಸ್ಡ್' ನೋಡಿ. ಎರಡರಲ್ಲಿ ಒಂದು ಅಂತ ಇದ್ದರೆ 16 ಜಿಬಿ ಒಂದೇ ಕಡ್ಡಿಯಲ್ಲಿದೆ. ಡಿಡಿಆರ್5-4800 ಒಂದು ಕಡ್ಡಿ ಸೆಕೆಂಡಿಗೆ 38.4 ಜಿಬಿ ಕೊಡುತ್ತದೆ, ಎರಡಾದರೆ 76.8. ವ್ಯಾಲರಂಟ್ ಥರ ಪ್ರೊಸೆಸರ್ ಮೇಲೆ ನಿಂತ ಆಟಗಳಲ್ಲಿ ಅದು ನೇರವಾಗಿ ಗೊತ್ತಾಗುತ್ತದೆ. ಹಾಗಿದ್ದರೆ ಅದೇ ವೇಗದ ಇನ್ನೊಂದು ಕಡ್ಡಿ ಹಾಕಿ.

ಕೊನೆಗೆ ಮಕ್ಸ್ ಸ್ವಿಚ್, ಅಂದರೆ 4060ಯನ್ನು ನೇರವಾಗಿ ಸ್ಕ್ರೀನಿಗೆ ಜೋಡಿಸುವ ಸ್ವಿಚ್. ಅದಿಲ್ಲದಿದ್ದರೆ 4060 ತಯಾರಿಸಿದ ಪ್ರತಿ ಫ್ರೇಮೂ ಇಂಟೆಲ್ ಗ್ರಾಫಿಕ್ಸ್ ಮೂಲಕ ಸುತ್ತಿ ಸ್ಕ್ರೀನಿಗೆ ಬರುತ್ತದೆ. ಎಫ್‌ಪಿಎಸ್ ಎಷ್ಟು ಹೆಚ್ಚಿದ್ದರೆ ನಷ್ಟವೂ ಅಷ್ಟು ಹೆಚ್ಚು. ಆಡುವಾಗ ಡಿಸ್‌ಕ್ರೀಟ್ ಮೋಡ್ (4060 ನೇರವಾಗಿ), ಕ್ಲಾಸಿಗೆ ಹೋಗುವಾಗ ಹೈಬ್ರಿಡ್ (ಇಂಟೆಲ್ ಮೂಲಕ). ಒಳಗಿನ ಸ್ಕ್ರೀನ್‌ನಲ್ಲಿ ಜಿ-ಸಿಂಕ್ (ಸ್ಕ್ರೀನಿನ ವೇಗವನ್ನು ಎಫ್‌ಪಿಎಸ್‌ಗೆ ಹೊಂದಿಸುವುದು) ಬೇಕಾದರೂ ಡಿಸ್‌ಕ್ರೀಟ್ ಮೋಡ್ ಬೇಕು.

ಸರ್ವಿಸ್_ಬೆಂಚ್

ಎರಡು ವಿಷಯ ಸೇರಿಸುತ್ತೇನೆ.

ಈಗಾಗಲೇ 45% ಪ್ಯಾನೆಲ್ ತಗೊಂಡುಬಿಟ್ಟವರು ಈ ಥ್ರೆಡ್ ಓದಿ ಬೇಜಾರಾಗಬೇಡಿ. 15.6 ಇಂಚಿನ ಪ್ಯಾನೆಲ್ ಬದಲಾಯಿಸಬಹುದು. 144 ಹರ್ಟ್ಜ್ ಫುಲ್ ಎಚ್‌ಡಿ ಪ್ಯಾನೆಲ್‌ಗಳಿಗೆ 40 ಪಿನ್ ಇಡಿಪಿ (ಸ್ಕ್ರೀನ್ ಕೇಬಲ್) ಕನೆಕ್ಟರ್, 60 ಹರ್ಟ್ಜ್‌ನವಕ್ಕೆ ಸಾಮಾನ್ಯವಾಗಿ 30 ಪಿನ್. ತರಿಸುವ ಮೊದಲು ಹಳೆಯ ಪ್ಯಾನೆಲ್ ಬಿಚ್ಚಿ ಹಿಂಭಾಗದ ಲೇಬಲ್, ಕನೆಕ್ಟರ್ ಇರುವ ಜಾಗ, ದಪ್ಪ, ಅಂಟಿನ ಪಟ್ಟಿಯೋ ಸ್ಕ್ರೂ ಕಿವಿಯೋ, ನಾಲ್ಕನ್ನೂ ಫೋಟೊ ತೆಗೆದಿಟ್ಟುಕೊಳ್ಳಿ. ಕೆಲಸ ಕೆಡುವುದು ಒಂದೇ ಕಡೆ: ಬ್ಯಾಟರಿ ಕನೆಕ್ಟರ್ ತೆಗೆಯದೆ ಡಿಸ್‌ಪ್ಲೇ ಕೇಬಲ್ ಕೀಳುವುದು. ಲ್ಯಾಪ್‌ಟಾಪ್ ಆಫ್ ಆಗಿದ್ದರೂ ಬೋರ್ಡ್‌ನಲ್ಲಿ ಕರೆಂಟ್ ಇರುತ್ತದೆ. ಕೇಬಲ್ ಓರೆಯಾಗಿ ಬಂದು ಪಕ್ಕದ ಪಿನ್ ತಾಗಿದರೆ ಬ್ಯಾಕ್‌ಲೈಟ್ ಫ್ಯೂಸ್ ಹೋಗುತ್ತದೆ. ಆಮೇಲೆ ಟಾರ್ಚ್ ಹಿಡಿದರೆ ಚಿತ್ರ ಮಸುಕಾಗಿ ಕಾಣುತ್ತದೆ, ಬೆಳಕು ಮಾತ್ರ ಇರುವುದಿಲ್ಲ. ಲ್ಯಾಪ್‌ಟಾಪ್‌ನ ಕೆಳಗಿನ ಮುಚ್ಚಳ ತೆಗೆದು ಮೊದಲು ಬ್ಯಾಟರಿ ಬಿಡಿಸಿ, ಪವರ್ ಬಟನ್ 15 ಸೆಕೆಂಡ್ ಒತ್ತಿ ಹಿಡಿದು, ಆಮೇಲೆ ಸ್ಕ್ರೀನಿಗೆ ಕೈ ಹಾಕಿ. ವಾರಂಟಿ ಇರುವಾಗ ಇದನ್ನು ಮಾಡಬೇಡಿ.

ಇನ್ನು ಕಲಬುರಗಿ ಬಿಸಿಲು. ಏಪ್ರಿಲ್-ಮೇನಲ್ಲಿ ರೂಮೇ 40 ಡಿಗ್ರಿ ಹತ್ತಿರ ಇದ್ದಾಗ, 25 ಡಿಗ್ರಿ ರೂಮಿನಲ್ಲಿ ಮಾಡಿದ ರಿವ್ಯೂಗೆ ಹೋಲಿಸಿದರೆ ಚಿಪ್ಪೂ ಸುಮಾರು ಆ 15 ಡಿಗ್ರಿ ಅಂತರದಷ್ಟೇ ಮೇಲೆ ಹೋಗುತ್ತದೆ. ಎಚ್‌ಎಕ್ಸ್ ಚಿಪ್ಪುಗಳು 100 ಡಿಗ್ರಿಗೆ ತಾವೇ ವೇಗ ಇಳಿಸುತ್ತವೆ. ಪ್ರೊಸೆಸರ್‌ಗೂ ಗ್ರಾಫಿಕ್ಸ್‌ಗೂ ಸಾಮಾನ್ಯವಾಗಿ ಹೀಟ್ ಪೈಪ್ ಒಂದೇ, ಆದ್ದರಿಂದ ಪ್ರೊಸೆಸರ್ ಕಾದರೆ 4060ಯೂ ಸೊರಗುತ್ತದೆ. 157 ವ್ಯಾಟ್‌ವರೆಗೆ ಹಾರಬಲ್ಲ ಐ7ನ್ನು ಆ ರೂಮಿನಲ್ಲಿ ಪೂರ್ತಿ ಬಳಸಲು ಆಗುವುದೇ ಇಲ್ಲ.

ಯೂಟ್ಯೂಬ್‌ನಲ್ಲಿ ಎಲ್ಲರೂ ಹೇಳುವ 'ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ 99%' ಉಪಾಯ ಮಾಡಬೇಡಿ. ಅದು ಟರ್ಬೋ ಪೂರ್ತಿ ನಿಲ್ಲಿಸಿ 13450ಎಚ್‌ಎಕ್ಸ್‌ನ ಪಿ-ಕೋರ್‌ಗಳನ್ನು 2.4 ಗಿಗಾಹರ್ಟ್ಜ್‌ಗೆ ತಂದು ಕೂರಿಸುತ್ತದೆ. ಶಾಖ ಇಳಿಯುತ್ತದೆ, ವ್ಯಾಲರಂಟ್ ಕೂಡ ಇಳಿಯುತ್ತದೆ. ಬದಲಿಗೆ ಕಂಪನಿಯ ಕಸ್ಟಮ್ ಮೋಡ್‌ನಲ್ಲಿ ಪ್ರೊಸೆಸರ್‌ನ ದೀರ್ಘಾವಧಿ ಪವರ್ ಮಿತಿ 45-50 ವ್ಯಾಟ್‌ಗೆ ಇಡಿ. ಆಟಕ್ಕೆ ಅಷ್ಟು ಸಾಕು, ಉಳಿದ ಶಾಖದ ಜಾಗ 4060ಗೆ ಸಿಗುತ್ತದೆ. ಎಫ್‌ಪಿಎಸ್ 140ಕ್ಕೆ ಕ್ಯಾಪ್ ಮಾಡಿ. ಲ್ಯಾಪ್‌ಟಾಪ್‌ನ ಹಿಂಭಾಗ ಎರಡು ಮೂರು ಸೆಂಟಿಮೀಟರ್ ಎತ್ತರಿಸಿ. ಹಾಸಿಗೆ ಮೇಲಿಟ್ಟರೆ ಕೆಳಗಿನ ಗಾಳಿಕಿಂಡಿ ಮುಚ್ಚುತ್ತದೆ, ಜೊತೆಗೆ ಹತ್ತಿಯ ಎಳೆ ಹೀಟ್‌ಸಿಂಕ್ ಬಾಯಲ್ಲಿ ಚಾಪೆಯ ಹಾಗೆ ಕಟ್ಟಿಕೊಳ್ಳುತ್ತದೆ. ನಿಮ್ಮ ಕಡೆಯ ಧೂಳಿಗೆ ವರ್ಷಕ್ಕೆ ಎರಡು ಸಲ ಒಳಗೆ ಕ್ಲೀನ್ ಮಾಡಿಸಿ. ಬ್ಲೋವರ್ ಹೊಡೆಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿಂದ ಹಿಡಿದುಕೊಳ್ಳಲು ಹೇಳಿ, ಬಿಟ್ಟರೆ ಅತಿವೇಗದಲ್ಲಿ ಗಿರಗಿರ ತಿರುಗಿ ಬೇರಿಂಗ್ ಹಾಳಾಗುತ್ತದೆ.

ಬಿಸಿಲೂರು_ಗೇಮರ್

ಆ ಮಾಡೆಲ್‌ನ ಪಾರ್ಟ್ ನಂಬರ್ ಹಾಕಿ ನೋಡಿದೆ: 115 ವ್ಯಾಟ್, 100% ಎಸ್‌ಆರ್‌ಜಿಬಿ ಪ್ಯಾನೆಲ್, ಮಕ್ಸ್ ಇದೆ. ರ‍್ಯಾಮ್ ಮಾತ್ರ 16 ಜಿಬಿ ಒಂದೇ ಕಡ್ಡಿ, ಇನ್ನೊಂದು ಸ್ಲಾಟ್ ಖಾಲಿ. ಕಡ್ಡಿ 4800ರದ್ದು. ಅಂಗಡಿಯಲ್ಲಿ 5600ರದ್ದು ಸಿಗ್ತಿದೆ, ಹಾಕಬಹುದಾ?

ಫ್ರೇಮ್_ಟೈಮ್

ಹಾಕಬಹುದು. ಲ್ಯಾಪ್‌ಟಾಪ್‌ಗೆ ಬರುವ ಎಸ್‌ಒ-ಡಿಮ್ ಡಿಡಿಆರ್5, 1.1 ವೋಲ್ಟ್‌ನದ್ದೇ ಆಗಿರಲಿ. ಎರಡೂ 4800ರಲ್ಲೇ ಓಡುತ್ತವೆ, ವೇಗದ ಕಡ್ಡಿ ತಾನೇ ಕೆಳಗಿಳಿಯುತ್ತದೆ. ಹಾಕಿದ ಮೇಲೆ ಮೊದಲ ಸಲ ಆನ್ ಮಾಡಿದಾಗ ಒಂದೆರಡು ನಿಮಿಷ ಸ್ಕ್ರೀನ್ ಕಪ್ಪಾಗಿಯೇ ಇರಬಹುದು. ಅದು ಮೆಮೊರಿ ಟ್ರೇನಿಂಗ್ (ಹೊಸ ಕಡ್ಡಿಗೆ ಲ್ಯಾಪ್‌ಟಾಪ್ ಹೊಂದಿಕೊಳ್ಳುವುದು), ಗಾಬರಿಯಾಗಿ ಪವರ್ ಬಟನ್ ಒತ್ತಬೇಡಿ.